ಮಾನ್ಯ ಸಂಸದರೇ, ಸುಳ್ಳು ಮೊದಲ ಪುಟದಲ್ಲಿ, ತಿದ್ದುಪಡಿ ಒಂಬತ್ತನೇ ಪುಟದಲ್ಲಿ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಯಲಹಂಕದಲ್ಲಿರುವ ನಿವೃತ್ತ ಮೇಷ್ಟ್ರು. ಮಗ ಸೈನ್ಯದಲ್ಲಿದ್ದಾನೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಕಾಳಗ ನಡೆದಾಗ ಜಮ್ಮು ಕಡೆ ಇದ್ದ. ಆಗಿನಿಂದ ಬರೆಯಬೇಕು ಅಂತ ಇದ್ದ ಪತ್ರ ಇದು. ಇನ್ನು ತಡೆಯಲಾಗಲಿಲ್ಲ.

ಮೇ 8ರ ರಾತ್ರಿ ಕರಾಚಿ ಬಂದರು ನಾಶವಾಯಿತು ಅಂತ ಟಿವಿಯವರು ಕೂಗಿದರು. ಬೆಳಗ್ಗೆ ನಮ್ಮ ಮನೆಗೆ ಬರುವ ಪೇಪರಿನಲ್ಲೂ ಅದೇ, ಅಂಗೈ ಅಗಲದ ಅಕ್ಷರದಲ್ಲಿ. ಎದುರು ಮನೆಯವರು ಖುಷಿಯಿಂದ ಮೈಸೂರು ಪಾಕ್ ತಂದರು. ಮಗನ ಫೋನ್ ಸ್ವಿಚ್ ಆಫ್ ಆಗಿ ಆಗಲೇ ಎರಡು ದಿನ. ನನ್ನ ಹೆಂಡತಿ ತಟ್ಟೆ ಇಸಕೊಂಡು ಅಡುಗೆ ಮನೆ ಕಟ್ಟೆ ಮೇಲಿಟ್ಟಳು. ಅಲ್ಲೇ ನೆಲಕ್ಕೆ ಕೂತುಬಿಟ್ಟಳು. "ಬಂದರು ಸುಟ್ಟರೆ ಅವರು ಸುಮ್ನೆ ಇರ್ತಾರಾ? ನಮ್ಮ ಹುಡುಗ ಅಲ್ಲೇ ಇದಾನಲ್ವಾ?" ಅಂದಳು. ಮನೆ ಮೇಲೆ ವಿಮಾನ ಹೋದಾಗಲೆಲ್ಲ ಬೆಚ್ಚುತ್ತಿದ್ದಳು.

ಕರಾಚಿ ಬಂದರಿಗೆ ಏನೂ ಆಗಿರಲಿಲ್ಲ. ಪೇಪರಿನವರು ತಿದ್ದುಪಡಿ ಹಾಕಿದ್ದು ನಾಲ್ಕು ದಿನ ಬಿಟ್ಟು. ಒಂಬತ್ತನೇ ಪುಟ, ಬೋರ್‌ವೆಲ್ ಜಾಹೀರಾತಿನ ಕೆಳಗೆ, ಮೂರೇ ಸಾಲು. ಸಂಪಾದಕರಿಗೆ ಮೂರು ಪತ್ರ ಹಾಕಿದೆ. ಒಂದಕ್ಕೂ ಉತ್ತರವಿಲ್ಲ.

ನನ್ನ ಬೇಡಿಕೆ ಒಂದೇ. ಯುದ್ಧದ ಬಗ್ಗೆ ಸುಳ್ಳು ಬರೆದವರು ಅದೇ ಮೊದಲ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ತಪ್ಪು ಒಪ್ಪಿಕೊಳ್ಳುವಂತೆ ಕಾನೂನು ಮಾಡಿಸಿ.

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. 1898ರ ಫೆಬ್ರುವರಿ 15ರಂದು, ಆಗ ಸ್ಪೇನ್ ಆಳುತ್ತಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ಎಂಬ ಯುದ್ಧ ಹಡಗು ಸ್ಫೋಟವಾಯಿತು. 260ಕ್ಕೂ ಜಾಸ್ತಿ ನಾವಿಕರು ಸತ್ತರು. ಯಾಕೆ ಸಿಡಿಯಿತು ಅಂತ ಯಾರಿಗೂ ಗೊತ್ತಿರಲಿಲ್ಲ. ಆದರೂ ತನಿಖೆ ಮುಗಿಯೋಕೆ ಮೊದಲೇ ಹರ್ಸ್ಟ್ ಅವರ ನ್ಯೂಯಾರ್ಕ್ ಜರ್ನಲ್ ಪತ್ರಿಕೆ ಇದು ಶತ್ರುವಿನ ಕೆಲಸ ಅಂತ ಬರೆಯಿತು. ಅಪರಾಧಿಯನ್ನು ತೋರಿಸಿದವರಿಗೆ 50,000 ಡಾಲರ್ ಬಹುಮಾನ ಅಂತಲೂ ಸಾರಿತು. ಪುಲಿಟ್ಜರ್ ಅವರ ವರ್ಲ್ಡ್ ಪತ್ರಿಕೆ ಪೈಪೋಟಿಗೆ ಬಿತ್ತು. ಏಪ್ರಿಲ್‌ನಲ್ಲಿ ಸ್ಪೇನ್ ಜೊತೆ ಯುದ್ಧ. ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೆ ಜನರ ತಲೆ ಕೆಡಿಸಿದ್ದರಲ್ಲಿ ಆ ಪೇಪರುಗಳ ಪಾಲು ದೊಡ್ಡದು. 1976ರಲ್ಲಿ ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ ಮತ್ತೆ ಪರಿಶೀಲನೆ ಮಾಡಿಸಿದರು. ಹಡಗಿನೊಳಗಿನ ಕಲ್ಲಿದ್ದಲಿಗೆ ಬಿದ್ದ ಬೆಂಕಿಯೇ ಕಾರಣ ಇರಬೇಕು ಎಂಬ ಅಭಿಪ್ರಾಯ ಬಂತು. ಅಷ್ಟರಲ್ಲಿ 78 ವರ್ಷ ಕಳೆದಿತ್ತು.

1978ರ ಪತ್ರಿಕಾ ಮಂಡಳಿ ಕಾಯ್ದೆ ನಿಮಗೆ ಗೊತ್ತೇ ಇದೆ. ಪೇಪರುಗಳ ಮೇಲಿನ ದೂರು ಕೇಳುವ ಈ ಮಂಡಳಿ ಅದರ 14ನೇ ಕಲಂ ಪ್ರಕಾರ ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವಂತಿಲ್ಲ. ಟಿವಿ ಅದರ ಕೈಗೇ ಬರುವುದಿಲ್ಲ. ಆ ಮಂಡಳಿಯಲ್ಲಿ ಲೋಕಸಭೆಯ ಮೂವರು, ರಾಜ್ಯಸಭೆಯ ಇಬ್ಬರು ಕೂರುತ್ತಾರೆ. ನಿಮ್ಮವರೇ ಅಲ್ವಾ ಸ್ವಾಮಿ? ಒಳಗೆ ಕೂತೂ ಬಾಯಿ ಬಿಡದಿದ್ದರೆ ನಾವು ಯಾರ ಹತ್ತಿರ ಹೋಗಬೇಕು?

ಮಗ ರಜೆ ಮುಗಿಸಿ ಮತ್ತೆ ಗಡಿಗೆ ಹೋಗಿದ್ದಾನೆ. ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಿ. ಮೊದಲ ಪುಟದ ಸುಳ್ಳಿಗೆ ಮೊದಲ ಪುಟದಲ್ಲೇ ತಿದ್ದುಪಡಿ ಬರಬೇಕು, ಅಷ್ಟೇ ದಪ್ಪ ಅಕ್ಷರದಲ್ಲಿ.

ಇಂತಿ,
ಯಲಹಂಕದ ಒಬ್ಬ ಮತದಾರ