ರೀಲಿನಿಂದ ರೀಲಿಗೆ ಹಬ್ಬಿದ ಹಾಡು

ಮಾನ್ಯರೇ,

ರಷ್ಯದ ರಾಕ್ ಗಾಯಕ ವಿಕ್ಟರ್ ತ್ಸೋಯ್ (1962–1990) ಕುರಿತ ಪುರವಣಿ ಬರಹದಲ್ಲಿ ಸಾವಿನ ಸುದ್ದಿಯೇ ಹೆಚ್ಚು. ಹಾಡು ಜನರನ್ನು ಮುಟ್ಟಿದ ಬಗೆ ಬಿಟ್ಟುಹೋಗಿದೆ. ತ್ಸೋಯ್‌ನ ‘ಕಿನೊ’ ತಂಡದ 1982ರ ಮೊದಲ ಆಲ್ಬಮ್ಮಿನ ಹೆಸರು ‘45’. ಅದರ ಅವಧಿಯೇ ಹೆಸರಾಯಿತು, ಅಷ್ಟೆ. ಡ್ರಮ್ಮರ್ ಇಲ್ಲದ್ದರಿಂದ ಡ್ರಮ್ ಮೆಷಿನ್ ಬಳಸಿದರು. ಸರ್ಕಾರಿ ಕಂಪನಿಯ ಗ್ರಾಮಫೋನ್ ತಟ್ಟೆಯಾಗಿ ಅದು ಬರಲಿಲ್ಲ, ಜನರೇ ಟೇಪಿನ ರೀಲಿನಿಂದ ರೀಲಿಗೆ ಇಳಿಸಿಕೊಂಡರು. ಪ್ರತಿ ನಕಲಿಗೂ ‘ಸುಂಯ್’ ಸದ್ದು ಏರುತ್ತದೆ, ಟೇಪನ್ನು ಓದುವ ಹೆಡ್ಡಿಗೆ ಕೊಳೆ ಹಿಡಿದಿದ್ದರೆ ತಾರಸ್ವರ ಮಂಕಾಗುತ್ತದೆ, ಯಂತ್ರದ ವೇಗ ತುಸು ತಪ್ಪಿದರೂ ಶ್ರುತಿ ಕೆಡುತ್ತದೆ. ಯಕ್ಷಗಾನದ ಕ್ಯಾಸೆಟ್ ನಕಲು ಮಾಡಿಕೊಂಡ ಶಿರಸಿ, ಕುಮಟಾ ಕಡೆಯವರಿಗೆ ಇದು ಗೊತ್ತಿದ್ದದ್ದೇ: ನಾಲ್ಕನೇ ನಕಲಿನಲ್ಲಿ ಚಂಡೆ ಉಳಿದರೂ ಭಾಗವತರ ತಾಳದ ಕಿಣಿಕಿಣಿ ಮಾಯ.

ನಕಲಿನಿಂದ ಹೆಸರು ಬಂತು, ಕಾಸು ಬರಲಿಲ್ಲ. ಆಗಿನ ಸೋವಿಯತ್ ಒಕ್ಕೂಟದಲ್ಲಿ ನೌಕರಿಯಿಲ್ಲದವರನ್ನು ಶಿಕ್ಷಿಸುವ ಕಾನೂನು ಬೇರೆ ಇತ್ತು. ಹಾಗಾಗಿ ತ್ಸೋಯ್ ಲೆನಿನ್‌ಗ್ರಾದ್‌ನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ‘ಕಮ್ಚಾತ್ಕಾ’ ಬಾಯ್ಲರ್ ಕೋಣೆಯಲ್ಲಿ ಒಲೆಗೆ ಕಲ್ಲಿದ್ದಲು ತುಂಬುವ ಕೆಲಸ ಹಿಡಿದ.

1990ರ ಜೂನ್ 24ರಂದು ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಹಾಡಿದ. ಆಗಸ್ಟ್ 15ರಂದು ಲಾಟ್ವಿಯಾದಲ್ಲಿ ಕಾರು ಬಸ್ಸಿಗೆ ಗುದ್ದಿ ತೀರಿಕೊಂಡ. ಕೊನೆಯ ಆಲ್ಬಮ್ಮಿನಲ್ಲಿ ಕೇಳುವುದು ಕರಡು ಧ್ವನಿಮುದ್ರಣದ ಕಂಠ. ಉಳಿದ ವಾದ್ಯಗಳನ್ನು ಗೆಳೆಯರು ಆಮೇಲೆ ಅದಕ್ಕೆ ಕೂಡಿಸಿದರು.

– ಸಂಗೀತಾಸಕ್ತರು, ಕಾರವಾರ