‘ನಾವು ಓದಿಲ್ಲ ಮೇಡಂ’ ಅನ್ನುವ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ದಸರಾ ರಜೆ ಮುಗಿದು ಶಾಲೆಯ ಎರಡನೇ ಅವಧಿ ಶುರುವಾಗಿದೆ. ಮೊದಲ ಸಂಕಲನಾತ್ಮಕ ಪರೀಕ್ಷೆಯ ಪ್ರಗತಿ ಪತ್ರಗಳನ್ನು ಸಹಿಗೆಂದು ಮನೆಗೆ ಕಳಿಸಿದ್ದೆವು, ಬಹುತೇಕ ವಾಪಸು ಬಂದಿವೆ. ಹಿಂದೆ ಬಿದ್ದ ಮಕ್ಕಳ ಮನೆಯವರು ದಾರಿಯಲ್ಲಿ, ಡೈರಿ ಹತ್ತಿರ, ಬಸ್‌ಸ್ಟಾಪಿನಲ್ಲಿ ಸಿಕ್ಕಾಗ ಕೇಳಿದರೆ ಹೆಚ್ಚುಕಮ್ಮಿ ಒಂದೇ ಉತ್ತರ: “ನಾವ್ ಓದಿಲ್ಲ ಕಣ್ ಮೇಡಂ, ನಮ್ಗೇನ್ ಗೊತ್ತಾದದು? ನೀವೇ ನೋಡ್ಕಳಿ.” ಆ ಮಾತಿಗೆ ನನ್ನ ಜವಾಬೇ ಈ ಪತ್ರ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುವುದೇ ಪೋಷಕರ ಕೆಲಸ ಎಂದು ನೀವು ಅಂದುಕೊಂಡಿದ್ದೀರಿ. ಹಾಗೇನೂ ಇಲ್ಲ. ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಅಮೆರಿಕದ ಇಬ್ಬರು ಸಂಶೋಧಕಿಯರು ನಮ್ಮ 6, 7, 8ನೇ ತರಗತಿಯ ವಯಸ್ಸಿನ ಮಕ್ಕಳ ಬಗ್ಗೆ ನಡೆದಿದ್ದ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2009ರಲ್ಲಿ ಪ್ರಕಟಿಸಿದರು. ಅಪ್ಪ ಅಮ್ಮ ಹೋಮ್‌ವರ್ಕ್‌ಗೆ ಕೈಹಾಕಿದರೆ ಅಂಕ ಏರುತ್ತದೆ ಎಂಬುದಕ್ಕೆ ಅವರಿಗೆ ಸರಿಯಾದ ಆಧಾರ ಸಿಗಲಿಲ್ಲ. ಓದಿನ ಬೆಲೆ ಏನು, ನಿನ್ನಿಂದ ನಮಗೇನು ನಿರೀಕ್ಷೆ, ಮುಂದೆ ಏನು ಮಾಡಬೇಕೆಂದಿದ್ದೀಯ ಎಂದು ಮಕ್ಕಳ ಜೊತೆ ಮಾತಾಡುವ ಮನೆಗಳಿಗೂ ಮಕ್ಕಳ ಏಳಿಗೆಗೂ ಇರುವ ನಂಟೇ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡಿತು. ಈ ಮಾತಿಗೆ ಡಿಗ್ರಿ ಬೇಕಾಗಿಲ್ಲ.

ಅದು ಅಮೆರಿಕ, ಇದು ಮಂಡ್ಯ ಅಂತೀರ. ಆಯಿತು, ನಮ್ಮ ದೇಶದ್ದೇ ಹೇಳುತ್ತೇನೆ. ಬಿಹಾರ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಪ್ರಥಮ್ ಸಂಸ್ಥೆಯವರು ತಾಯಂದಿರ ಮನೆಗೇ ಹೋಗಿ, ಮಗುವಿನ ಕಲಿಕೆಯಲ್ಲಿ ತಾವು ಹೇಗೆ ಜೊತೆಯಾಗಬಹುದು ಎಂದು ತೋರಿಸಿಕೊಟ್ಟರು. ಇನ್ನು ಕೆಲವು ಊರುಗಳಲ್ಲಿ ತಾಯಂದಿರಿಗೇ ಅಕ್ಷರ ಕಲಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಕ್ಕಳ ಗಣಿತ ಸುಧಾರಿಸಿತ್ತು. ಸುಧಾರಣೆ ದೊಡ್ಡದಲ್ಲ, ಸಣ್ಣದೇ. ಆದರೆ ಅಳತೆಗೆ ಸಿಗುವಷ್ಟಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಹಾಳೆಯ ಹಿಂಬದಿಯಲ್ಲಿ ನಿಮ್ಮ ಮಗು ಜೂನ್‌ನಿಂದ ಇಲ್ಲಿಯವರೆಗೆ ಎಷ್ಟು ದಿನ ಶಾಲೆಗೆ ಬಂದಿಲ್ಲ ಎಂದು ತರಗತಿ ಶಿಕ್ಷಕರು ಬರೆದಿದ್ದಾರೆ. ತಿರುಗಿಸಿ ನೋಡುವ ಮೊದಲು ನೀವೇ ಒಂದು ಅಂದಾಜು ಹಾಕಿ. ತಮ್ಮ ಮಕ್ಕಳ ಗೈರುಹಾಜರಿಯನ್ನು ಪೋಷಕರು ಸಾಮಾನ್ಯವಾಗಿ ಕಡಿಮೆಯೆಂದೇ ಎಣಿಸುತ್ತಾರೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಇಂಥ ಪೋಷಕರಿಗೆ ವರ್ಷದಲ್ಲಿ ಕೆಲವು ಸಲ ಪತ್ರ ಹಾಕಿ ‘ನಿಮ್ಮ ಮಗು ಇಷ್ಟು ದಿನ ಬಂದಿಲ್ಲ’ ಎಂದು ತಿಳಿಸಿದ್ದಕ್ಕೇ, ವಿಪರೀತ ತಪ್ಪಿಸುವ ಮಕ್ಕಳ ಪ್ರಮಾಣ ಶೇ 10ರಷ್ಟಾದರೂ ಇಳಿಯಿತು. ಬೈಗುಳವಿಲ್ಲ, ದಂಡವಿಲ್ಲ, ಬರೀ ಲೆಕ್ಕ. ನಾನೂ ಬೈಯಲು ಬರೆದಿಲ್ಲ.

ನಮ್ಮ ಊರುಗಳ ಕಾರಣಗಳು ನನಗೆ ಬಾಯಿಪಾಠವಾಗಿವೆ. ಮಾರಮ್ಮನ ಹಬ್ಬ. ಮದುವೆ, ಅದರ ಹಿಂದೆಯೇ ಬೀಗರ ಊಟ. ದೀಪಾವಳಿಗೆ ಮಾದಪ್ಪನ ಬೆಟ್ಟ. ನಾಟಿ ದಿನ ಚಿಕ್ಕ ಮಗು ನೋಡಿಕೊಳ್ಳಲು ಯಾರೂ ಇಲ್ಲವೆಂದು ಆರನೇ ತರಗತಿಯ ಹೆಣ್ಣುಮಗಳನ್ನು ಮನೆಯಲ್ಲಿ ಉಳಿಸುವುದು. (ಗಂಡುಮಗನನ್ನು ಹಾಗೆ ಉಳಿಸಿದ್ದನ್ನು ನಾನಂತೂ ಅಷ್ಟಾಗಿ ಕಂಡಿಲ್ಲ.) ತಿಂಗಳಿಗೆ ಎರಡೇ ದಿನ ತಾನೇ ಅನ್ನಿಸುತ್ತದೆ. ಹತ್ತು ತಿಂಗಳಿಗೆ ಇಪ್ಪತ್ತು ದಿನ. ಕಾನೂನಿನ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಶಾಲೆ ನಡೆಯಬೇಕಾದ್ದು ಕನಿಷ್ಠ 200 ದಿನ. ಅಂದರೆ ಹತ್ತರಲ್ಲಿ ಒಂದು ಪಾಲು ಹೋಯಿತು.

ಮೂರನೇ ತರಗತಿವರೆಗೆ ನಲಿ-ಕಲಿ, ಅಂದರೆ ಮಗು ತನ್ನ ವೇಗದಲ್ಲಿ ಕಾರ್ಡು ಹಿಡಿದು ಕಲಿಯುವ ಪದ್ಧತಿ, ಇರುವುದರಿಂದ ಏಟು ಅಷ್ಟಾಗಿ ಕಾಣುವುದಿಲ್ಲ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಈ ಪದ್ಧತಿಯನ್ನು ಶುರುಮಾಡಿದಾಗಲೇ ಹಳ್ಳಿ ಮಕ್ಕಳು ನಡುನಡುವೆ ತಪ್ಪಿಸುತ್ತಾರೆ ಎಂಬುದು ಗೊತ್ತಿದ್ದ ಸಂಗತಿ. ಮಗು ಬಿಟ್ಟ ಕಾರ್ಡಿನಿಂದಲೇ ಮತ್ತೆ ಮುಂದುವರಿಯಬಹುದು. ನಾಲ್ಕನೇ ತರಗತಿಗೆ ಬಂದ ಮೇಲೆ ಹಾಗಲ್ಲ, ಪಾಠ ಯಾರಿಗೂ ಕಾಯುವುದಿಲ್ಲ. ಐದನೆಯವನೊಬ್ಬ ಭಿನ್ನರಾಶಿ ಶುರುವಾದ ವಾರವೇ ನೆಂಟರ ಊರಿಗೆ ಹೋಗಿದ್ದ. ಅವನ ನೋಟ್ ಬುಕ್ಕನ್ನು ಮೊನ್ನೆ ನೋಡಿದೆ. ದಿನಾಂಕ ಇದೆ, ಪಾಠದ ಹೆಸರಿದೆ, ಅದರಡಿಗೆ ಸ್ಕೇಲಿಟ್ಟು ಎಳೆದ ಎರಡು ಗೀಟೂ ಇವೆ, ಆಮೇಲೆ ಮೂರು ಪುಟ ಖಾಲಿ. ಅಲ್ಲಿಂದ ಮುಂದೆ ಪಕ್ಕದವನದ್ದನ್ನು ನೋಡಿ ಬರೆದ ಲೆಕ್ಕಗಳು. ಪಕ್ಕದವನು ಮಾಡಿದ ತಪ್ಪು ಕೂಡ ಹಾಗೆಯೇ ಇಳಿದಿದೆ.

ಖಾಲಿ ಪುಟ ಗುರುತಿಸಲು ಓದು ಬರಬೇಕಾಗಿಲ್ಲ ಅಲ್ಲವೇ? ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಬ್ಯಾಗಿನಿಂದ ಎಲ್ಲಾ ನೋಟ್ ಬುಕ್ ತೆಗೆಸಿ ಹಾಳೆ ತಿರುಗಿಸಿ. ಖಾಲಿ ಬಿಟ್ಟಿದ್ದರೆ ಯಾಕೆಂದು ಕೇಳಿ. ಕೆಂಪು ಇಂಕಿನ ಗುರುತು ಎಲ್ಲಿಯವರೆಗೆ ಇದೆ ಅಂತಲೂ ನೋಡಿ. ಎರಡು ವಾರದಿಂದ ಕೆಂಪು ಇಂಕೇ ಬಿದ್ದಿಲ್ಲವಾದರೆ ಪುಸ್ತಕ ಹಿಡಿದುಕೊಂಡು ನೇರ ನನ್ನ ಹತ್ತಿರ ಬನ್ನಿ. ಅದು ಮಗುವಿನ ತಪ್ಪಲ್ಲ, ನಮ್ಮನ್ನು ಕೇಳಬೇಕಾದ ಪ್ರಶ್ನೆ. ಮಗುವಿನ ಹಾಜರಿ, ಕಲಿಕೆ, ಪ್ರಗತಿಯನ್ನು ಪೋಷಕರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಬರೆದಿದೆ.

ಮನೆಯ ಮಾತುಕತೆಗೆ ಒಂದು ಉದಾಹರಣೆ ಹೇಳುತ್ತೇನೆ. ಏಳನೇ ತರಗತಿಯ ಹುಡುಗಿಯೊಬ್ಬಳ ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಿಗ್ಗೆ ವ್ಯಾನು ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಅವರಿಗೆ ಸಿಗುವುದು ಮುದ್ದೆ ತಿರುವುವ ಹೊತ್ತು ಮಾತ್ರ. “ಇವತ್ತೇನ್ ಹೇಳ್ಕೊಟ್ರು?” ಅಂತಾರೆ. ಮಗಳು “ಏನಿಲ್ಲ” ಅಂದರೆ ಬಿಡುವುದಿಲ್ಲ. “ಏನಿಲ್ಲ ಅಂದ್ರೆ? ಮೊದಲ್ನೇ ಪಿರಿಯಡ್‌ಗೆ ಯಾರ್ ಬಂದಿದ್ರು?” ಒಂದು ದಿನ ಮಗಳು, ಎಲೆ ಬಿಸಿಲಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ ಎಂದು ವಿವರಿಸಿದ್ದಾಳೆ. ತಾಯಿ, “ಹಂಗಾದ್ರೆ ರಾತ್ರಿ ಉಪ್ವಾಸನಾ?” ಅಂದರಂತೆ. ಮಾರನೆಯ ದಿನ ಆ ಪ್ರಶ್ನೆ ವಿಜ್ಞಾನದ ಮೇಷ್ಟ್ರ ಮುಂದೆ ಬಂತು. ಹಗಲು ಮಾಡಿದ ಸಕ್ಕರೆಯಲ್ಲಿ ಒಂದಿಷ್ಟನ್ನು ಎಲೆ ಪಿಷ್ಟವಾಗಿ ಕೂಡಿಟ್ಟುಕೊಂಡು ರಾತ್ರಿ ಖರ್ಚು ಮಾಡುತ್ತದೆ ಎಂಬುದು ಅವತ್ತು ಇಡೀ ತರಗತಿಗೆ ಗೊತ್ತಾಯಿತು. ಅಂಥ ಪ್ರಶ್ನೆ ಟ್ಯೂಷನ್‌ನಲ್ಲಿ ಹುಟ್ಟುವುದು ಅಪರೂಪ. ಟ್ಯೂಷನ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ದುಡ್ಡು ನಿಮ್ಮದು. ದುಡ್ಡು ಕಟ್ಟಿದ ಮೇಲೂ ಮಗುವನ್ನು ಮಾತಾಡಿಸಿ, ಅಷ್ಟೆ.

ಇನ್ನೊಂದು ಬೇಡಿಕೆ. “ಅವ್ರ ಮಗ ನೋಡು, ಕಾನ್ವೆಂಟ್‌ಗೋಗಿ ಟಸ್‌ಪುಸ್ ಇಂಗ್ಲಿಷ್ ಮಾತಾಡ್ತನೆ” ಎಂದು ಮಕ್ಕಳ ಎದುರಿಗೆ ಹೇಳಬೇಡಿ. ಮಾರನೆಯ ದಿನ ಆ ಮಗು ತರಗತಿಯಲ್ಲಿ ಬಾಯೇ ತೆರೆಯುವುದಿಲ್ಲ. ಕೈ ಎತ್ತುತ್ತಿದ್ದ ಮಕ್ಕಳು ಕೈ ಎತ್ತುವುದನ್ನೇ ಬಿಟ್ಟದ್ದನ್ನು ನಾವು ಇಲ್ಲಿ ನೋಡುತ್ತೇವೆ, ನಿಮಗೆ ಕಾಣುವುದಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಗ್ಗೆ. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಅದೇ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಮ್ಮಲ್ಲೂ ಹೆಸರುಗಳು ಹಾಗೆಯೇ ಇವೆ. ಸಭೆಗೆ ಮಾತ್ರ ಯಜಮಾನರು ಬಂದು ಕೂರುತ್ತಾರೆ. ಯಜಮಾನರೂ ಬರಲಿ, ಸಂತೋಷ, ಆದರೆ ಸದಸ್ಯೆಯ ಕುರ್ಚಿಯಲ್ಲಿ ಸದಸ್ಯೆಯೇ ಕೂರಲಿ. ಬಿಸಿಯೂಟದ ಸಾರು ಹೇಗಿದೆ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತಿದೆಯೇ ಎಂದು ತಾಯಂದಿರು ಕೇಳುವ ಹಾಗೆ ಬೇರೆಯವರು ಕೇಳುವುದಿಲ್ಲ.

ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ 12 ಗಂಟೆಗೆ ಪೋಷಕರ ಸಭೆ. ಗಾರ್ಮೆಂಟ್ಸ್‌ಗೆ, ಆಲೆಮನೆಗೆ, ಕಬ್ಬು ಕಡಿಯಲು ಹೋಗುವವರು ಕೂಲಿ ಬಿಟ್ಟು ಬರಬೇಕಾಗಿಲ್ಲ. ಮಾರನೆಯ ದಿನ, ಭಾನುವಾರ ಬೆಳಿಗ್ಗೆ 8ರಿಂದ 10ರವರೆಗೆ ನಾನು ಮತ್ತು ಇಬ್ಬರು ಶಿಕ್ಷಕರು ಶಾಲೆಯಲ್ಲೇ ಇರುತ್ತೇವೆ. ಅಪ್ಪ ಅಮ್ಮ ಇಬ್ಬರಿಗೂ ಆಗದಿದ್ದರೆ ಅಜ್ಜಿ ತಾತ ಬರಲಿ. ಬರುವಾಗ ಮಗುವನ್ನೂ, ಅದರ ಗಣಿತದ ನೋಟ್ ಬುಕ್ಕನ್ನೂ ಜೊತೆಗೆ ಕರೆತನ್ನಿ. ಹಿಂಬದಿಯ ಲೆಕ್ಕದಲ್ಲಿ ಅನುಮಾನವಿದ್ದರೆ ಹಾಜರಿ ಪುಸ್ತಕ ಮೇಜಿನ ಮೇಲೇ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಮಂಡ್ಯ ತಾಲ್ಲೂಕು