ಎಟಿವಿ: ಹೊಸ ಟೈರ್ ಪರೀಕ್ಷಿಸದೆ ಸವಾರಿ ಬೇಡ

ಮಾನ್ಯರೇ,

ಕೊಡಗು, ಚಿಕ್ಕಮಗಳೂರು ಭಾಗದ ರೆಸಾರ್ಟ್‌ಗಳಲ್ಲಿ ಎಟಿವಿಗೆ (ಗುಡ್ಡಗಾಡಿನ ಹಾದಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಹೊಸ ಆಲ್‌-ಟೆರೇನ್ ಟೈರ್ ಹಾಕಿಸಿದ ದಿನವೇ ಪ್ರವಾಸಿಗರನ್ನು ಕೂರಿಸಿ ಇಳಿಜಾರಿಗೆ ಬಿಡುವುದು ಅಪಾಯಕಾರಿ.

ಮುಖ್ಯ ತೊಂದರೆ ಗಾಳಿಯದು. ಈ ಟೈರ್‌ಗಳಿಗೆ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ನಿಖರ ಅಳತೆ ಗಾಡಿಯ ಮೇಲಿನ ಸ್ಟಿಕ್ಕರ್‌ನಲ್ಲಿರುತ್ತದೆ. ಬೈಕ್‌, ಕಾರಿನ ಗೇಜ್‌ನಲ್ಲಿ 5ಕ್ಕೂ 8ಕ್ಕೂ ವ್ಯತ್ಯಾಸ ಸರಿಯಾಗಿ ತಿಳಿಯದು. ಕಡಿಮೆ ಒತ್ತಡ ಅಳೆಯುವ ಗೇಜನ್ನೇ ಬಳಸಬೇಕು, ಅದೂ ಟೈರ್ ತಣ್ಣಗಿರುವಾಗ. ಗಾಳಿ ಹೆಚ್ಚಾದರೆ ಟೈರಿನ ನಡುಭಾಗ ಮಾತ್ರ ನೆಲ ಹಿಡಿದು ಗಾಡಿ ಕುಪ್ಪಳಿಸುತ್ತದೆ. ತೀರಾ ಕಡಿಮೆಯಾದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಬಹುದು. ಎಡ-ಬಲ ಟೈರ್‌ಗಳ ಗಾಳಿ ಸಮನಾಗಿರದಿದ್ದರೆ ಹ್ಯಾಂಡಲ್ ಒಂದೇ ಕಡೆ ಎಳೆಯುತ್ತದೆ.

25 ಇಂಚು ಎತ್ತರದ ಟೈರಿನ ಜಾಗಕ್ಕೆ 27 ಇಂಚಿನದು ಹಾಕಿಸಿದರೆ ಗಾಡಿಗೆ ನೆಲದಿಂದ ಹೆಚ್ಚುವರಿ ಎತ್ತರ ಸಿಗುವುದು ಒಂದೇ ಇಂಚು. ಅದಕ್ಕಾಗಿ ಏರಿನಲ್ಲಿ ಎಳೆತ ಕುಗ್ಗಿ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಸಾಗಿಸುವ ಬೆಲ್ಟ್ ಬಿಸಿಯಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಬಾಡಿಗೆ ಗಾಡಿಗೆ ಕಂಪನಿ ಅಳತೆಯೇ ಸರಿ.

ಟೈರ್ ಮೇಲಿನ ತಿರುಗುವ ದಿಕ್ಕಿನ ಬಾಣ ನೋಡಿ ಜೋಡಿಸಿ, ನಟ್‌ಗಳನ್ನು ಎದುರುಬದುರಾಗಿ ಟಾರ್ಕ್ ರೆಂಚ್‌ನಲ್ಲಿ (ನಿಗದಿತ ಬಿಗಿತಕ್ಕೆ ತಿರುಗಿಸುವ ಸ್ಪ್ಯಾನರ್) ಬಿಗಿಯಬೇಕು. ಆಮೇಲೆ ಸವಾರ ಕೂತು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಟೈರ್ ಫೆಂಡರ್‌ಗೆ (ಮಡ್‌ಗಾರ್ಡ್) ಉಜ್ಜಬಾರದು. ಸಮತಟ್ಟು ಜಾಗದಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ನೋಡಿ, ವಾಪಸ್ ಬಂದು ನಟ್‌ಗಳನ್ನು ಮತ್ತೆ ಪರೀಕ್ಷಿಸಬೇಕು. ಒದ್ದೆ ಕೆಮ್ಮಣ್ಣಿನ ಹಾದಿ ಕೊನೆಗಿರಲಿ: ಅಲ್ಲಿ ಟೈರಿನ ಉಬ್ಬುಗಳ ನಡುವೆ ಕೆಸರು ತುಂಬಿಕೊಂಡರೆ ಹೊಸ ಟೈರೂ ಜಾರುತ್ತದೆ.

– ಎಟಿವಿ ದುರಸ್ತಿಗಾರರು, ಮಡಿಕೇರಿ